ಕಾಯಕ ಕೊಡದ ಊರಿನ ಸಾಲ

ನಾನು ನಿರುದ್ಯೋಗಿ. ನಾನು ಮುಂದೆ ಓದುತ್ತಿಲ್ಲ. ನಾನು ಸ್ವಂತ ಉದ್ಯೋಗವನ್ನೂ ಮಾಡುತ್ತಿಲ್ಲ. ನಿರುದ್ಯೋಗ ಭತ್ಯೆಯ ಯೋಜನೆ ಯುವನಿಧಿಯ ಸ್ವಯಂ ಘೋಷಣೆಯ ತಿರುಳು ಈ ಮೂರು ಮಾತು. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ, ಅದನ್ನು ಹಾಕಿದರೆ ಮೂರಕ್ಕೂ ಒಪ್ಪಿದಂತೆ. 22–23 ವಯಸ್ಸಿನ ಮಕ್ಕಳು ನನ್ನ ಎದುರಿನ ಕುರ್ಚಿಯಲ್ಲಿ ಕೂತು ಹೀಗೆ ಸತ್ಯ ಮಾಡುವುದನ್ನು ನಾನು ಯೋಜನೆ ಶುರುವಾದಾಗಿನಿಂದ ನೋಡುತ್ತಿದ್ದೇನೆ.

ಶಿಕಾರಿಪುರ ತಾಲ್ಲೂಕಿನಲ್ಲಿ, ಬಳ್ಳಿಗಾವಿಗೆ ಹತ್ತಿರದ ಊರೊಂದರ ಬಸ್‌ಸ್ಟ್ಯಾಂಡ್ ಹಿಂದೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಬೆಳೆ ವಿಮೆ, ಪರೀಕ್ಷೆ ಶುಲ್ಕ ಎಲ್ಲವನ್ನೂ ಆನ್‌ಲೈನಿನಲ್ಲಿ ಮಾಡಿಕೊಡುತ್ತೇನೆ. ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ಓದಿದವಳು. ಯಜಮಾನರು ತೀರಿಕೊಂಡ ಮೇಲೆ ಅಂಗಡಿ ನನ್ನ ಕೈಗೆ ಬಂತು. ಓದಿದ್ದು ಯಾವುದಕ್ಕೂ ಉಪಯೋಗಕ್ಕೆ ಬರಲಿಲ್ಲವಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಈ ಅಂಗಡಿಯಲ್ಲಿ ಕೂತಷ್ಟು ಧರ್ಮಜಿಜ್ಞಾಸೆ ಕ್ಲಾಸಿನಲ್ಲಿ ನಡೆದಿರಲಿಲ್ಲ.

ಒಬ್ಬ ಹುಡುಗ ಕೇಳಿದ ಪ್ರಶ್ನೆಯಿಂದ ಈ ಬರಹ ಹುಟ್ಟಿತು. ಬಿ.ಕಾಂ. ಮುಗಿಸಿದ್ದಾನೆ. ಅವನ ತಂದೆ ಮೂರು ಹೊತ್ತು ಲಿಂಗಪೂಜೆ ಮಾಡುವವರು, ಒಂದೂವರೆ ಎಕರೆ ಮೆಕ್ಕೆಜೋಳದ ಮೇಲೆ ಮನೆ ನಡೆಸಿದವರು. "ದುಡೀದೆ ತಗೊಂಡಿದ್ದು ಮೈಗೆ ಹತ್ತಲ್ಲ" ಎಂದು ಅವರು ಊಟದ ಹೊತ್ತಿನಲ್ಲಿ ಮಗನಿಗೆ ಹೇಳುತ್ತಾರಂತೆ. "ಅಕ್ಕ, ಈ ದುಡ್ಡು ತಗೊಳ್ಳೋದು ತಪ್ಪಾ?" ಎಂದ. ಅವನು ಹಾಗೆ ಕೇಳುವಾಗ ಎರಡು ತಿಂಗಳ ಹಣ ಅವನ ಖಾತೆಗೆ ಬಿದ್ದೇ ಇರಲಿಲ್ಲ. ಕೈಗೆ ಬಾರದ ದುಡ್ಡಿಗೆ ಅವನು ಮನೆಯಲ್ಲಿ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದ.

ಎರಡು ಪ್ರಶ್ನೆ ಇಲ್ಲಿ ಒಂದರೊಳಗೊಂದು ಸೇರಿಕೊಂಡಿವೆ. ದುಡಿಯದೆ ತೆಗೆದುಕೊಳ್ಳುವುದು ಧರ್ಮವೇ ಎನ್ನುವುದು ಮೊದಲನೆಯದು. ಕೊಡುತ್ತೇವೆಂದು ಹೇಳಿ ತಡ ಮಾಡುವುದು ಧರ್ಮವೇ ಎನ್ನುವುದು ಎರಡನೆಯದು. ನಮ್ಮ ಕಡೆ ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ, ಕಟ್ಟೆಯ ಮೇಲೆ, ಮದುವೆ ಮನೆಯಲ್ಲಿ, ಟಿ.ವಿ. ಚರ್ಚೆಯಲ್ಲಿ. ಎರಡನೆಯದನ್ನು ಕೇಳುವವರು ನನಗೆ ಹೆಚ್ಚು ಸಿಕ್ಕಿಲ್ಲ.

ಯೋಜನೆ ಏನು ಎನ್ನುವುದನ್ನು ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ರಾಜ್ಯ ಸರ್ಕಾರದ ಐದು ಗ್ಯಾರಂಟಿಗಳಲ್ಲಿ ಕೊನೆಗೆ ಜಾರಿಯಾದದ್ದು ಯುವನಿಧಿ. 2023ರ ಡಿಸೆಂಬರ್ 26ರಂದು ನೋಂದಣಿ ಆರಂಭವಾಯಿತು. 2024ರ ಜನವರಿ 12ರಂದು, ವಿವೇಕಾನಂದ ಜಯಂತಿಯ ದಿನ, ನಮ್ಮ ಶಿವಮೊಗ್ಗದಲ್ಲೇ ಮೊದಲ ಕಂತಿನ ಹಣ ಬಿಡುಗಡೆಯಾಯಿತು. ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500. ಹೆಚ್ಚೆಂದರೆ 2 ವರ್ಷ. ಅದರೊಳಗೆ ಕೆಲಸ ಸಿಕ್ಕರೆ ಅಲ್ಲಿಗೆ ನಿಲ್ಲುತ್ತದೆ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು, ಮುಂದಿನ ಓದಿಗೆ ಸೇರಿರಬಾರದು, ಕರ್ನಾಟಕದಲ್ಲಿ ಇಷ್ಟು ವರ್ಷ ಓದಿದ ದಾಖಲೆ ಇರಬೇಕು. ಆರಂಭದಲ್ಲಿ ಪ್ರತಿ ತಿಂಗಳೂ 25ನೇ ತಾರೀಖಿನೊಳಗೆ ಘೋಷಣೆ ಕೊಡಬೇಕಿತ್ತು. ಸುಳ್ಳು ಘೋಷಣೆ ಎಂದು ಗೊತ್ತಾದರೆ ಕೊಟ್ಟ ಹಣ ವಾಪಸು ಕಟ್ಟಬೇಕು, ಕ್ರಮವೂ ಉಂಟು.

ಮೊದಲ ಪ್ರಶ್ನೆಗೆ ಬರೋಣ. ಆ ತಂದೆಯ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ, ಯಾಕೆಂದರೆ ಅದು ನಾನು ಹುಟ್ಟಿದ ಮನೆಯ ಮಾತೂ ಹೌದು. ಅಲ್ಲಮನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ನಮ್ಮ ತಾಲ್ಲೂಕಿನವೇ. ಇಲ್ಲಿನ ಮನೆಗಳಲ್ಲಿ ಕಾಯಕ ಎನ್ನುವುದು ಪುಸ್ತಕದ ವಿಚಾರ ಅಲ್ಲ. ಜ್ವರ ಬಂದರೂ ಅಂಗಳ ಗುಡಿಸದೆ ಮಲಗಿದ ದಿನ ನಮ್ಮಜ್ಜಿ ಪೂಜೆಗೆ ಕೂರುತ್ತಿರಲಿಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅವಳು ಹೇಳಿ ಹೇಳಿ ನಮಗೆ ಬಾಯಿಪಾಠವಾಗಿತ್ತು. ಗಂಡ ಮಾರಯ್ಯ ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುತ್ತಾನೆ. ಒಂದು ದಿನ ದಿನದ ಅಳತೆಗಿಂತ ಹೆಚ್ಚು ತಂದಾಗ, ಇದು ನಮ್ಮದಲ್ಲ, ತೆಗೆದ ಜಾಗದಲ್ಲೇ ಹಾಕಿ ಬಾ ಎಂದು ಅವಳು ತಿರುಗಿಸಿ ಕಳಿಸುತ್ತಾಳೆ. ನುಲಿಯ ಚಂದಯ್ಯನ ಕಥೆಯೂ ಹಾಗೆಯೇ. ತಾನು ಹೊಸೆದ ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಒಂದು ಕಾಸು ಹೆಚ್ಚಾದರೂ ಅವನಿಗೆ ಬೇಡ. ಇಂಥ ಕಥೆಗಳ ನೆರಳಿನಲ್ಲಿ ಬೆಳೆದ ಹುಡುಗನಿಗೆ 3000 ರೂಪಾಯಿ ಸುಮ್ಮನೆ ಬರುತ್ತದೆ ಎಂದರೆ ಒಳಗೆ ಎಲ್ಲೋ ಕುಟುಕುತ್ತದೆ. ಕುಟುಕಬೇಕು ಕೂಡ. ಕುಟುಕದವರ ಬಗ್ಗೆಯೇ ನನಗೆ ಯೋಚನೆ.

ಆದರೆ ಆ ಕಥೆಗಳನ್ನು ನಾವು ಅರ್ಧ ಮಾತ್ರ ಕೇಳಿಸಿಕೊಂಡಿದ್ದೇವೆ ಎಂದು ಈಚೆಗೆ ನನಗೆ ಅನ್ನಿಸತೊಡಗಿದೆ. ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ವಾಪಸು ಕಳಿಸಿದಳು, ಸರಿ. ವಾಪಸು ಕಳಿಸುವಷ್ಟು ಗಟ್ಟಿ ಮನಸ್ಸು ಬರಲು ನಾಳೆಯೂ ಅಂಗಳದಲ್ಲಿ ಅಕ್ಕಿ ಇರುತ್ತದೆ ಎಂಬ ಭರವಸೆ ಬೇಕಿತ್ತು, ಅದು ಅವಳಿಗೆ ಇತ್ತು. ಅಮರೇಶ್ವರದಿಂದ ಅಷ್ಟು ದೂರ ನಡೆದು ಬಂದ ಬಡ ದಂಪತಿಗೆ ಕಲ್ಯಾಣ ಒಂದು ಕೆಲಸ ಕೊಟ್ಟಿತ್ತು. ಅಕ್ಕಿ ಆಯುವುದೂ ಕಾಯಕವೇ ಎಂದು ಒಪ್ಪಿಕೊಂಡ ಸಮುದಾಯ ಅಲ್ಲಿತ್ತು. ಚಂದಯ್ಯ ಹುಲ್ಲು ಕೊಯ್ಯಲು ಹೋದರೆ ಕೆರೆಯ ದಂಡೆಯಲ್ಲಿ ಹುಲ್ಲಿತ್ತು, ಹೊಸೆದ ಹಗ್ಗಕ್ಕೆ ಕೊಳ್ಳುವವರಿದ್ದರು. ಶರಣರು ದುಡಿಮೆಯನ್ನು ಧರ್ಮ ಎಂದಾಗ ಆ ಧರ್ಮ ದುಡಿಯುವವನ ಹೆಗಲಿಗೆ ಮಾತ್ರ ಬೀಳಲಿಲ್ಲ, ಊರಿನ ಹೆಗಲಿಗೂ ಬಿತ್ತು. ದುಡಿ ಎಂದು ಹೇಳುವ ಊರು ದುಡಿಯಲು ಜಾಗ ಕೊಡಬೇಕು. ಕೊಡಲಾಗದಿದ್ದರೆ ಆ ಊರು ಸಾಲಗಾರ.

ನಾನು ಹೇಳಬೇಕಾದದ್ದು ಇಷ್ಟೇ. ನಿರುದ್ಯೋಗ ಭತ್ಯೆ ಭಿಕ್ಷೆಯಲ್ಲ, ಬಹುಮಾನವೂ ಅಲ್ಲ. ಓದು, ದುಡಿ ಎಂದು 15 ವರ್ಷ ಬೆಂಚಿನ ಮೇಲೆ ಕೂರಿಸಿ ಕೊನೆಗೆ ಕೆಲಸ ತೋರಿಸಲಾಗದ ಸಮಾಜ ತೀರಿಸುವ ಸಾಲದ ಒಂದು ಚೂರು. ಸಾಲ ಎಂದ ಮೇಲೆ ತೆಗೆದುಕೊಳ್ಳುವವನಿಗೆ ನಾಚಿಕೆ ಇಲ್ಲ. ತಡ ಮಾಡುವವನಿಗೆ ನಾಚಿಕೆ ಇರಬೇಕು.

ಇದು ನನ್ನ ತಲೆಯಲ್ಲಿ ಮಾತ್ರ ಹುಟ್ಟಿದ ವಿಚಾರ ಅಲ್ಲ. ಸಂವಿಧಾನದ 41ನೇ ವಿಧಿ ಕೆಲಸದ ಹಕ್ಕನ್ನೂ, ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವಿಕಲತೆ ಬಂದಾಗ ಸರ್ಕಾರದ ನೆರವು ಪಡೆಯುವ ಹಕ್ಕನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ರಾಜ್ಯದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಮಾತನ್ನೂ ಸೇರಿಸುತ್ತದೆ. ಅದು ನಿರ್ದೇಶಕ ತತ್ತ್ವ, ಕೋರ್ಟಿಗೆ ಹೋಗಿ ಜಾರಿ ಮಾಡಿಸಿಕೊಳ್ಳಲು ಬರುವುದಿಲ್ಲ. ಆದರೂ ಮುಪ್ಪಿನ ಪಕ್ಕದಲ್ಲಿ, ಕಾಯಿಲೆಯ ಪಕ್ಕದಲ್ಲಿ ನಿರುದ್ಯೋಗವನ್ನು ಇಟ್ಟದ್ದನ್ನು ನೋಡಿ. ಮುದುಕಿಗೆ ಪಿಂಚಣಿ ಬಂದರೆ ದುಡಿಯದೆ ತಿಂದಳು ಎಂದು ಯಾರೂ ಅನ್ನುವುದಿಲ್ಲ. ಹುಡುಗನಿಗೆ ಅನ್ನುತ್ತೇವೆ. ಕೈಕಾಲು ಗಟ್ಟಿ ಇದ್ದವನಿಗೆ ಕೆಲಸ ಸಿಗದೇ ಹೋಗಲು ಸಾಧ್ಯವಿಲ್ಲ ಎಂದು ನಾವು ಒಳಗೊಳಗೇ ನಂಬಿದ್ದೇವೆ.

ಇಲ್ಲಿ ಗಾಂಧೀಜಿಯನ್ನು ತರುವವರಿದ್ದಾರೆ, ತರಬೇಕು. ಗಟ್ಟಿಮುಟ್ಟಾದವನಿಗೆ ಪ್ರಾಮಾಣಿಕವಾಗಿ ಏನೂ ದುಡಿಯದೆ ಊಟ ಹಾಕುವುದನ್ನು ತಮ್ಮ ಅಹಿಂಸೆ ಒಪ್ಪುವುದಿಲ್ಲ ಎಂದವರು ಅವರು. ಅನ್ನಸತ್ರಗಳನ್ನು ಮುಚ್ಚಿಸಬೇಕು ಎನ್ನುವಷ್ಟು ದೂರ ಹೋದವರು. ಈ ಮಾತನ್ನು ಆಡುವಾಗ ಗಾಂಧೀಜಿ ಕೈಯಲ್ಲಿ ಚರಕ ಹಿಡಿದಿದ್ದರು ಎನ್ನುವುದನ್ನು ಮರೆಯಬಾರದು. ಊಟ ಹಾಕಬೇಡಿ, ಕೆಲಸ ಕೊಡಿ ಎಂದ ಮನುಷ್ಯ, ಆ ಕೆಲಸ ಯಾವುದು ಎಂದು ತೋರಿಸಿ, ಕಲಿಸಿ, ನೂತ ನೂಲನ್ನು ಕೊಳ್ಳುವ ವ್ಯವಸ್ಥೆ ಕಟ್ಟಲು ಜೀವಮಾನವನ್ನೇ ಕೊಟ್ಟರು. ಅವರ ಮಾತಿನ ಮೊದಲರ್ಧವನ್ನು ಹಿಡಿದುಕೊಂಡು ಎರಡನೆಯ ಅರ್ಧವನ್ನು ಬಿಡುವವರಿಗೆ ಗಾಂಧೀಜಿಯ ಹೆಸರು ಹೇಳುವ ಅಧಿಕಾರ ಇಲ್ಲ.

ಅದೇ ಗಾಂಧೀಜಿಯ ಬದುಕನ್ನು ತಿರುಗಿಸಿದ ಪುಸ್ತಕದ ಹಿಂದೆ ಒಂದು ಕಥೆ ಇದೆ. ನನ್ನ ಪ್ರಶ್ನೆಗೆ ಅಷ್ಟು ನೇರವಾಗಿ ಉತ್ತರ ಕೊಡುವ ಕಥೆ ಬೇರೆಲ್ಲೂ ನನಗೆ ಸಿಕ್ಕಿಲ್ಲ. 1904ರಲ್ಲಿ ಜೊಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋಗುವ ರೈಲಿನಲ್ಲಿ ಅವರು ಓದಿದ್ದು ಜಾನ್ ರಸ್ಕಿನ್‌ನ 'ಅನ್‌ಟು ದಿಸ್ ಲಾಸ್ಟ್'. ರಾತ್ರಿಯಿಡೀ ನಿದ್ದೆ ಬರಲಿಲ್ಲ ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1908ರಲ್ಲಿ ಅದರ ಸಾರವನ್ನು ಗುಜರಾತಿಗೆ ತಂದು 'ಸರ್ವೋದಯ' ಎಂದು ಹೆಸರಿಟ್ಟರು. ರಸ್ಕಿನ್ ತನ್ನ ಪುಸ್ತಕಕ್ಕೆ ಹೆಸರು ತೆಗೆದುಕೊಂಡದ್ದು ಬೈಬಲ್ಲಿನಿಂದ, ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ಹೇಳುವ ದ್ರಾಕ್ಷಿತೋಟದ ಕಥೆಯಿಂದ.

ತೋಟದ ಯಜಮಾನ ಬೆಳಗಿನ ಜಾವವೇ ಪೇಟೆಗೆ ಹೋಗಿ ಒಂದು ದಿನಾರಿಗೆ ಮಾತಾಡಿಕೊಂಡು ಆಳುಗಳನ್ನು ಕರೆತರುತ್ತಾನೆ. ಬಿಸಿಲೇರಿದ ಮೇಲೆ ಮತ್ತೆ ಹೋಗುತ್ತಾನೆ, ಮಧ್ಯಾಹ್ನ ಹೋಗುತ್ತಾನೆ, ಇಳಿಹೊತ್ತಿಗೆ ಹೋಗುತ್ತಾನೆ. ಹೊತ್ತು ಮುಳುಗಲು ಇನ್ನೊಂದೇ ತಾಸು ಇರುವಾಗಲೂ ಹೋಗುತ್ತಾನೆ. ಆಗಲೂ ಅಲ್ಲಿ ಜನ ನಿಂತಿದ್ದಾರೆ. ದಿನವಿಡೀ ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳಿದರೆ, ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎನ್ನುತ್ತಾರೆ. ಅವರನ್ನೂ ತೋಟಕ್ಕೆ ಕಳಿಸುತ್ತಾನೆ. ಸಂಜೆಯಾಗುತ್ತಲೇ ಮೇಸ್ತ್ರಿಯನ್ನು ಕರೆದು, ಕೊನೆಗೆ ಬಂದವರಿಂದ ಶುರುಮಾಡಿ ಎಲ್ಲರಿಗೂ ಒಂದೊಂದು ದಿನಾರು ಕೊಡಿಸುತ್ತಾನೆ. ಬೆಳಗ್ಗೆ ಬಂದವರು ಗೊಣಗುತ್ತಾರೆ. ನಿನಗೆ ಮಾತಾಡಿದ್ದನ್ನು ನಾನು ಕೊಟ್ಟಾಯಿತಲ್ಲ, ಇವನಿಗೆ ಕೊಟ್ಟರೆ ನಿನಗೇನು ನಷ್ಟ ಎಂದು ಯಜಮಾನ ಕೇಳುತ್ತಾನೆ.

ಚರ್ಚುಗಳಲ್ಲಿ ಇದನ್ನು ದೇವರ ಕೃಪೆಯ ಕಥೆಯಾಗಿ ಹೇಳುತ್ತಾರೆ, ಅದು ಅದರ ಅರ್ಥವೂ ಹೌದು. ನಾನು ಅಂಗಡಿಯ ಕುರ್ಚಿಯಲ್ಲಿ ಕೂತು ಓದುವಾಗ ನನ್ನ ಕಣ್ಣಿಗೆ ಬೀಳುವುದು ಬೇರೆ. ಸಂಜೆಯವರೆಗೆ ಪೇಟೆಯಲ್ಲಿ ನಿಂತವರು ಮನೆಗೆ ಹೋಗಿ ಮಲಗಿರಲಿಲ್ಲ, ಕೆಲಸಕ್ಕಾಗಿ ಕಾಯುತ್ತಿದ್ದರು. ಕಾಯುವುದೂ ದಣಿವೇ. ಬೆಳಗಿನಿಂದ ದುಡಿದವನಿಗೆ ಬಿಸಿಲಿನ ದಣಿವು, ಆದರೆ ಅವನಿಗೆ ಸಂಜೆಯ ಊಟದ ಭರವಸೆ ಬೆಳಗ್ಗೆಯೇ ಸಿಕ್ಕಿತ್ತು. ನಿಂತವನಿಗೆ ಆ ಭರವಸೆಯೂ ಇರಲಿಲ್ಲ. ಯಜಮಾನ ಕೊನೆಯವನ ಅರ್ಹತೆಯನ್ನು ಅವನು ಕಿತ್ತ ಗೊಂಚಲಿನಿಂದ ಅಳೆಯಲಿಲ್ಲ. ಒಂದು ದಿನಾರು ಎಂದರೆ ಆ ಕಾಲಕ್ಕೆ ಒಂದು ಸಂಸಾರ ಒಂದು ದಿನ ಉಣ್ಣುವ ಹಣ. ಕೊನೆಯವನ ಮನೆಯಲ್ಲೂ ಅಷ್ಟೇ ಬಾಯಿಗಳಿದ್ದವು.

ಇನ್ನೊಂದು ಸಂಗತಿಯನ್ನು ಜನ ಗಮನಿಸುವುದಿಲ್ಲ. ಅವನು ಸಂಜೆಯೇ ಕೊಟ್ಟ. ನಾಳೆ ಬಾ ಎನ್ನಲಿಲ್ಲ. ನೀನು ನಿಜವಾಗಿ ಬೆಳಗಿನಿಂದ ಇಲ್ಲೇ ನಿಂತಿದ್ದೆಯಾ, ಸಾಕ್ಷಿ ತಾ ಎನ್ನಲಿಲ್ಲ. ಯಾರೂ ಕರೆಯಲಿಲ್ಲ ಎಂಬ ಒಂದೇ ಮಾತನ್ನು ನಂಬಿದ. ಕೊನೆಯವರಿಂದ ಶುರುಮಾಡಿದ ಎಂದರೆ, ಎಲ್ಲರಿಗಿಂತ ಹೆಚ್ಚು ಕಾದವರನ್ನು ಮತ್ತೆ ಕಾಯಿಸಲಿಲ್ಲ.

ಯೇಸು ಹುಟ್ಟಿ ಬೆಳೆದ ಪರಂಪರೆಯಲ್ಲಿ ಇದಕ್ಕೆ ಹಳೆಯ ಕಟ್ಟಳೆಯೇ ಇತ್ತು. ಮೋಶೆಯ ಧರ್ಮಶಾಸ್ತ್ರ ಕೂಲಿಯವನ ಕೂಲಿಯನ್ನು ಮಾರನೆಯ ಬೆಳಗಿನವರೆಗೆ ಇಟ್ಟುಕೊಳ್ಳಬಾರದು ಎನ್ನುತ್ತದೆ. ಅವನು ಬಡವ, ಅದರ ಮೇಲೆಯೇ ಜೀವ ಇಟ್ಟುಕೊಂಡಿರುತ್ತಾನೆ, ಹೊತ್ತು ಮುಳುಗುವ ಮೊದಲು ಕೊಡಬೇಕು ಎನ್ನುತ್ತದೆ. ಬೆವರು ಆರುವ ಮೊದಲು ಕೂಲಿ ಕೊಡಿ ಎಂಬ ಪ್ರವಾದಿ ಮುಹಮ್ಮದರ ಮಾತು ಹದೀಸಿನಲ್ಲಿದೆ. ನನ್ನ ಅಂಗಡಿಯ ಪಕ್ಕದಲ್ಲಿ ಒಬ್ಬ ಟೇಲರ್ ಅಜ್ಜ ಇದ್ದಾರೆ. ಕಾಜಾ ಹಾಕಲು, ಗುಂಡಿ ಹಚ್ಚಲು ಇಬ್ಬರು ಹುಡುಗರನ್ನು ಇಟ್ಟುಕೊಂಡಿದ್ದಾರೆ. ಮಗ್ರಿಬ್ ನಮಾಜಿಗೆ ಎದ್ದು ಹೋಗುವ ಮುಂಚೆ ಅವರಿಬ್ಬರ ಆ ದಿನದ ಕೂಲಿಯನ್ನು ಎಣಿಸಿ ಕೊಟ್ಟೇ ಹೋಗುತ್ತಾರೆ. ಆ ಹೊತ್ತಿಗೆ ಗಲ್ಲೆಯಲ್ಲಿ ಇಲ್ಲದಿದ್ದರೆ ನನ್ನ ಹತ್ತಿರ ಕೈಗಡ ತೆಗೆದುಕೊಳ್ಳುತ್ತಾರೆ. "ಅದನ್ನ ಇಟ್ಕೊಂಡು ನಮಾಜಿಗೆ ಹೆಂಗ್ ನಿಲ್ಲೋದಮ್ಮ?" ಎಂದು ಒಮ್ಮೆ ಕೇಳಿದರು. ಕೌಟಿಲ್ಯನೂ ಕೂಲಿ ಕೊಡದ ಯಜಮಾನನಿಗೆ ದಂಡ ಬರೆದಿದ್ದಾನೆ. ಬೇರೆ ಯಾವುದರಲ್ಲೂ ಒಂದಾಗದ ಶಾಸ್ತ್ರಗಳು ಈ ಒಂದು ವಿಷಯದಲ್ಲಿ ಜಗಳವಾಡುವುದಿಲ್ಲ.

ಅದೆಲ್ಲ ದುಡಿದವನ ಕೂಲಿಯ ಮಾತಾಯಿತು, ದುಡಿಯದವನ ಭತ್ಯೆಗೆ ಯಾಕೆ ಅನ್ವಯಿಸಬೇಕು ಎಂದು ಕೇಳಬಹುದು. ಅದಕ್ಕೆ ನಮ್ಮ ದೇಶದ ಕಾನೂನೇ ಒಮ್ಮೆ ಉತ್ತರ ಬರೆದಿತ್ತು. 2005ರ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ, ಕೆಲಸ ಕೇಳಿದ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂದಿತ್ತು: ಮೊದಲ 30 ದಿನಕ್ಕೆ ಕೂಲಿಯ ಕನಿಷ್ಠ ಕಾಲು ಭಾಗ, ಆಮೇಲೆ ಅರ್ಧ. ಕೂಲಿ ತಡವಾದರೆ ದಿನಕ್ಕೆ ಶೇ 0.05ರಂತೆ ಪರಿಹಾರವೂ ಇತ್ತು. ಆ ಭತ್ಯೆ ಎಷ್ಟು ಜನರ ಕೈಸೇರಿತು ಎಂಬುದು ಬೇರೆಯೇ ದುಃಖದ ಕಥೆ. ಆದರೆ ಆ ಕಾಯ್ದೆಯ ವಿಚಾರ ಸರಿಯಾಗಿತ್ತು. ಕೆಲಸ ಕೊಡಲಾಗದ್ದು ಕೊಡಬೇಕಾದವನ ತಪ್ಪು, ಕೇಳಿದವನದಲ್ಲ. ದಿನ ಕಳೆದಂತೆ ಋಣ ಬೆಳೆಯುತ್ತದೆ.

ಈಗ ಅರ್ಹತೆಯ ಪ್ರಶ್ನೆ. ಕೊಡುವವನು ಕೇಳಬೇಕೇ, ಕೇಳದೆ ಕೊಡಬೇಕೇ?

ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನ ನೋಡಲು ಬರುವವರು ಹೆಚ್ಚಾಗಿ ಹೊಯ್ಸಳ ಲಾಂಛನ, ಕೆತ್ತನೆ ನೋಡಿ ಹೋಗುತ್ತಾರೆ. ಅಲ್ಲಿಗೆ ಸೇರಿದ್ದ ಕೋಡಿಯ ಮಠ ಕಾಳಾಮುಖ ಶೈವರದು. 12ನೇ ಶತಮಾನದ ಒಂದು ಶಾಸನ ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ವಿವರವಾಗಿ ಹೇಳುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಸಿಗುತ್ತಿತ್ತು. ಕಥೆ ಹೇಳುವವರು, ಹಾಡುವವರು, ವಾದ್ಯದವರು, ಕುಣಿಯುವವರು ಬಂದರೂ ಅನ್ನ ಇತ್ತು. ಜೈನ ಸನ್ಯಾಸಿಗಳಿಗೂ ಇತ್ತು, ಬೇರೆ ಬೇರೆ ಪಂಥದ ಭಿಕ್ಷುಗಳಿಗೂ ಇತ್ತು. ರೋಗಿಗಳಿಗೆ ಔಷಧೋಪಚಾರ ಇತ್ತು. ಆ ಪಟ್ಟಿಯೂ ಒಂದು ಅರ್ಹತೆಯ ಪಟ್ಟಿಯೇ. ಆದರೆ ಅದನ್ನು ಬರೆಸಿದವನ ಮನಸ್ಸು ಯಾವ ಕಡೆ ತಿರುಗಿತ್ತು ಎನ್ನುವುದು ಓದಿದರೆ ತಿಳಿಯುತ್ತದೆ. ಯಾರನ್ನೂ ಬಿಟ್ಟುಬಿಡಬಾರದು ಎಂಬ ಕಾಳಜಿಯಿಂದ ಒಬ್ಬೊಬ್ಬರನ್ನೇ ನೆನಪಿಸಿಕೊಂಡು ಕಲ್ಲಿಗೆ ಹಾಕಿಸಿದ್ದಾನೆ. ಇಂದಿನ ಅರ್ಜಿ ನಮೂನೆಯ ಪಟ್ಟಿ ಓದುವಾಗ ಆ ಕಾಳಜಿ ನನಗೆ ಕಾಣುವುದಿಲ್ಲ. ಯಾರೂ ನುಸುಳಬಾರದು ಎಂಬ ಎಚ್ಚರ ಮಾತ್ರ ಕಾಣುತ್ತದೆ.

ಸರ್ಕಾರ ಮಠವಲ್ಲ, ನನಗೆ ಗೊತ್ತು. ಬೊಕ್ಕಸದ ಹಣ ಅದೇ ಟೇಲರ್ ಅಜ್ಜ ದಾರದ ಉಂಡೆ ಕೊಳ್ಳುವಾಗ ಕಟ್ಟಿದ ತೆರಿಗೆಯೂ ಹೌದು. ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಕೆಲಸ ಸಿಕ್ಕಿದ ಮೇಲೂ ನಿರುದ್ಯೋಗಿ ಎಂದು ಘೋಷಣೆ ಕೊಡಲು ಬಂದವರೂ ಇದ್ದಾರೆ. ನಾನು ಮಾಡಿಕೊಡಲಿಲ್ಲ, ಎದ್ದು ಹೋದರು. ಹಾಗಾಗಿ ಕೇಳಬಾರದು ಎಂದು ನಾನು ಹೇಳುವುದಿಲ್ಲ. ಕೇಳಬೇಕು. ಆದರೆ ಕೇಳುವವನಿಗೂ ಒಂದು ಸತ್ಯದ ಹೊಣೆ ಇದೆ. ಕೇಳಿದ ಪ್ರಶ್ನೆಗೆ ಬಡವ ಸತ್ಯವಾಗಿ ಉತ್ತರ ಕೊಡಲು ಸಾಧ್ಯವಿರಬೇಕು.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಬಿ.ಎ. ಇಂಗ್ಲಿಷ್ ಓದಿದವಳು, ತಾಯಿ ಬೀಡಿ ಕಟ್ಟಿ ಓದಿಸಿದ್ದು. ಓಣಿಯ ನಾಲ್ಕಾರು ಮಕ್ಕಳಿಗೆ ಸಂಜೆ ಮನೆಪಾಠ ಹೇಳುತ್ತಾಳೆ. ಕೊಡುವವರು ಕೊಡುತ್ತಾರೆ, ಕೊಡದವರ ಮಕ್ಕಳೂ ಕೂರುತ್ತಾರೆ. "ಸ್ವಯಂ ಉದ್ಯೋಗಿ ಅಲ್ಲ ಅಂತ ಹೇಳ್ಬೋದಾ ಅಕ್ಕ?" ಎಂದಳು. ಮನೆಪಾಠ ಉದ್ಯೋಗವೇ? ಅಡಿಕೆ ಸುಗ್ಗಿಯಲ್ಲಿ ಸುಲಿಯಲು ಹೋಗುವುದು ಉದ್ಯೋಗವೇ? ಮದುವೆ ಸೀಸನ್ನಿನಲ್ಲಿ ಬಡಿಸಲು ಹೋಗುವ ಹುಡುಗ ಆ ರಾತ್ರಿ ಉದ್ಯೋಗಿಯೇ, ಮರುದಿನ ನಿರುದ್ಯೋಗಿಯೇ? ಹಳ್ಳಿಯಲ್ಲಿ ಪೂರ್ತಿ ಖಾಲಿ ಕೂತವರು ಯಾರೂ ಇಲ್ಲ, ಖಾಲಿ ಕೂತರೆ ನಡೆಯುವುದೂ ಇಲ್ಲ. ಪರದೆಯ ಮೇಲೆ ಇರುವುದು ಹೌದು ಅಥವಾ ಇಲ್ಲ. ಬದುಕು ಈ ಎರಡರ ನಡುವೆ ಇದೆ.

ಆ ಹುಡುಗಿ ಮನೆಗೆ ಹೋಗಿ ಯೋಚನೆ ಮಾಡಿ ಬಂದು, ಬೇಡ ಅಕ್ಕ, ಕೊಡಲ್ಲ ಎಂದಳು. ತಿಂಗಳಿಗೆ ಐದಾರು ನೂರು ರೂಪಾಯಿ ಬರುವ ಮನೆಪಾಠಕ್ಕಾಗಿ 3000 ಬಿಟ್ಟಳು. ನಾನು ಅವಳಿಗೆ ಕೈ ಮುಗಿಯುತ್ತೇನೆ. ಲಕ್ಕಮ್ಮನ ಕುಲ ಇದು. ಆದರೆ ಅವಳ ಹತ್ತಿರ ಅಷ್ಟು ದೊಡ್ಡ ಬೆಲೆಯ ಸತ್ಯವನ್ನು ಕೇಳಿದ ನಿಯಮಕ್ಕೆ ಕೈ ಮುಗಿಯಲಾರೆ. ಮಕ್ಕಳಿಗೆ ಪಾಠ ಹೇಳಿದ್ದಕ್ಕೆ ಅವಳು ಕಳೆದುಕೊಂಡಳು, ಹೇಳದೆ ಕೂತಿದ್ದರೆ ಸಿಗುತ್ತಿತ್ತು. ಕಾಯಕವನ್ನು ಗೌರವಿಸುವ ನಾಡಿನಲ್ಲಿ ಕಾಯಕದ ಸಣ್ಣ ಕುಡಿಯನ್ನು ಚಿವುಟುವ ಪ್ರಶ್ನೆ ಅದು. ಇಂತಿಷ್ಟು ಗಳಿಕೆಯವರೆಗೆ ತೊಂದರೆಯಿಲ್ಲ ಎಂದು ಒಂದು ಸಾಲು ಸೇರಿಸಿದರೆ ಎಷ್ಟೋ ಮಕ್ಕಳು ಸುಳ್ಳಿಗೂ ನಷ್ಟಕ್ಕೂ ಸಿಕ್ಕದೆ ಉಳಿಯುತ್ತಾರೆ.

ಪಿಂಚಣಿದಾರರು ಬದುಕಿದ್ದೇನೆ ಎಂಬ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ ಕೊಡುತ್ತಾರೆ. ಅದು ಸರಿಯಾದ ಕ್ರಮ. ಪದವೀಧರನಿಗೆ ಆರಂಭದಲ್ಲಿ ತಿಂಗಳು ತಿಂಗಳೂ ಕೆಲಸವಿಲ್ಲ ಎಂದು ಹೇಳಿಸಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೊದಲ ಸಲ ನಗುನಗುತ್ತಾ ಹೇಳುತ್ತಾರೆ. ವರ್ಷ ದಾಟಿದ ಮೇಲೆ ಓಟಿಪಿ ಹೇಳುವಾಗ ಪಕ್ಕದವರಿಗೆ ಕೇಳದಂತೆ ದನಿ ತಗ್ಗಿಸುತ್ತಾರೆ. ಮತ್ತೆ ಮತ್ತೆ ಆಡಿದ ಮಾತು ಮನಸ್ಸಿನೊಳಗೆ ಬೇರು ಬಿಡುತ್ತದೆ ಎಂದು ಜಪ ಮಾಡುವವರೆಲ್ಲ ಬಲ್ಲರು. ಒಬ್ಬ ಮನುಷ್ಯನ ಬಾಯಲ್ಲಿ ನಾನು ನಿರುದ್ಯೋಗಿ ಎಂಬ ಜಪವನ್ನು ಮಾಡಿಸುವುದು ಸಣ್ಣ ಸಂಗತಿಯಲ್ಲ.

ನಿಯಮ ಎಂದರೆ ನಿಯಮ, ಬದಲಾಯಿಸಲು ಬರುವುದಿಲ್ಲ ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಕಾರ್ಖಾನೆ ಕೆಲಸ ಕಳೆದುಕೊಂಡವರಿಗೆ ಇಎಸ್‌ಐ ಅಡಿಯಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರಲ್ಲಿ ಬಂತು. ಸರಾಸರಿ ದಿನಗೂಲಿಯ ಶೇ 25ರಂತೆ ಹೆಚ್ಚೆಂದರೆ 90 ದಿನ, ಅದೂ ಜೀವಮಾನದಲ್ಲಿ ಒಮ್ಮೆ. ಕೆಲಸ ಹೋಗಿ 90 ದಿನ ಕಳೆದ ಮೇಲೆ ಹಣ, ಅದಕ್ಕೂ ಮೊದಲು ಕೆಲಸದಿಂದ ತೆಗೆದ ಮಾಲೀಕನ ಮೂಲಕವೇ ಅರ್ಜಿ ಹೋಗಬೇಕಿತ್ತು. ಕೋವಿಡ್ ಬಂದ 2020ರಲ್ಲಿ ಅದನ್ನು ಶೇ 50ಕ್ಕೆ ಏರಿಸಿ, ಕಾಯುವ ದಿನವನ್ನು 30ಕ್ಕೆ ಇಳಿಸಿ, ಕಾರ್ಮಿಕನೇ ನೇರವಾಗಿ ಅರ್ಜಿ ಕೊಡಬಹುದು ಎಂದು ಬದಲಾಯಿಸಿದರು. ನಿಯಮವನ್ನು ಸಡಿಲಿಸಲು ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಮನಸ್ಸು ಮಾಡಲು ಒಂದು ಮಹಾಮಾರಿ ಬೇಕಾಯಿತು.

ಯುವನಿಧಿಯ ಹಣ ತಡವಾಗುವುದಕ್ಕೆ ನಾನು ಕಂಡ ಕಾರಣಗಳಲ್ಲಿ ಕೇಡಿಗತನ ಬಹಳ ಕಡಿಮೆ. ಕಾಲೇಜಿನವರು ಪದವಿ ಪತ್ರವನ್ನು ಆನ್‌ಲೈನಿಗೆ ಏರಿಸಿರುವುದಿಲ್ಲ. ಹೆಸರಿನ ಮುಂದಿನ ಇನಿಷಿಯಲ್ ಆಧಾರ್‌ನಲ್ಲಿ ಒಂದು ಥರ, ಅಂಕಪಟ್ಟಿಯಲ್ಲಿ ಇನ್ನೊಂದು ಥರ. ಸ್ಕಾಲರ್‌ಶಿಪ್ಪಿಗೆಂದು ಹೈಸ್ಕೂಲಿನಲ್ಲಿ ತೆರೆದ ಹಳೆಯ ಖಾತೆಗೆ ಆಧಾರ್ ಮ್ಯಾಪ್ ಆಗಿ ಕೂತಿರುತ್ತದೆ, ಆ ಖಾತೆ ಬಂದಾಗಿರುತ್ತದೆ. ಬ್ಯಾಂಕಿಗೆ ಹೋದರೆ ಕಚೇರಿಗೆ ಹೋಗು ಎನ್ನುತ್ತಾರೆ, ಕಚೇರಿಯವರು ಬ್ಯಾಂಕಿಗೆ ಕಳಿಸುತ್ತಾರೆ. ಯಾರೂ ಕೆಟ್ಟವರಲ್ಲ. ಪ್ರತಿಯೊಬ್ಬರೂ ತಮ್ಮ ಮೇಜಿನ ಕೆಲಸ ಮುಗಿಸಿದ್ದಾರೆ. ಹಾಗಾದರೆ ಪಾಪ ಯಾರಿಗೆ ಸೇರಬೇಕು? ಟೇಲರ್ ಅಜ್ಜನಿಗೆ ಸಂಜೆ ಒಂದು ಗಡುವಿದೆ, ದೇವರ ಮುಂದೆ ನಿಲ್ಲಬೇಕು ಎಂಬ ಗಡುವು. ನಮ್ಮ ವ್ಯವಸ್ಥೆಯಲ್ಲಿ ಹುಡುಗನಿಗೆ 25ನೇ ತಾರೀಖಿನ ಗಡುವಿತ್ತು, ಕೊಡುವವರಿಗೆ ಅಂಥದ್ದೊಂದು ತಾರೀಖು ಇರಲಿಲ್ಲ. ಅನ್ಯಾಯ ಇರುವುದು ಇಲ್ಲಿಯೇ. ಋಣ ಇರುವವನಿಗೆ ತಾರೀಖು ಇಲ್ಲ, ಬರಬೇಕಾದವನಿಗೆ ಇದೆ.

ಮೊದಲು ಹೇಳಿದ ಬಿ.ಕಾಂ. ಹುಡುಗನ ಹಣ ಅಂಥದೇ ಹಳೆಯ ಖಾತೆಯ ತೊಡಕಿನಲ್ಲಿ ಸಿಕ್ಕಿತ್ತು, ಬಿಡಿಸಿದ ಮೇಲೆ ಬಂತು. ತಪ್ಪಲ್ಲ ಎಂದು ನಾನು ಅವನಿಗೆ ಹೇಳಿದ್ದೇನೆ. ಅವನ ತಂದೆಗೂ ಹೇಳಿದೆ, ಅವರು ಪೂರ್ತಿ ಒಪ್ಪಲಿಲ್ಲ. ಒಪ್ಪಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಅವರ ನಿಷ್ಠೆ ದೊಡ್ಡದು. ಆ ನಿಷ್ಠೆಯ ಬಿಸಿ ಮಗನಿಗೆ ಮಾತ್ರ ತಾಗುತ್ತಿದೆ, ಊರಿಗೆ ತಾಗುತ್ತಿಲ್ಲ ಎಂಬುದೊಂದೇ ನನ್ನ ಕೊರಗು.

ನಿಯಮ ಬರೆಯುವ ಕುರ್ಚಿಯಲ್ಲಿ ಕೂತವರಲ್ಲಿ ನನ್ನ ವಿನಂತಿ. ಹಣ ಹಾಕುವುದಕ್ಕೂ ಒಂದು ತಾರೀಖು ಇಟ್ಟುಕೊಳ್ಳಿ, ದಾಟಿದರೆ ದಾಟಿದ ದಿನಕ್ಕೆ ಪರಿಹಾರ ಸೇರಿಸಿ. ಹಣ ನಿಲ್ಲಿಸುವಾಗ ಯಾಕೆ ನಿಂತಿತು ಎಂದು ಕನ್ನಡದಲ್ಲಿ ಒಂದು ಸಾಲಿನ ಸಂದೇಶ ಕಳಿಸಿ, ಪೆಂಡಿಂಗ್ ಎಂಬ ಒಂದೇ ಪದದ ಮುಂದೆ ಮಕ್ಕಳನ್ನು ಕೂರಿಸಬೇಡಿ. ಮನೆಪಾಠ, ಸುಗ್ಗಿಯ ಕೂಲಿ ಹೇಳಿಕೊಂಡವರನ್ನು ಅನರ್ಹರನ್ನಾಗಿ ಮಾಡಬೇಡಿ.

ಮನೆಯಲ್ಲಿ ಇಂಥ ಮಗ, ಮಗಳು ಇರುವವರು ಈ ವಾರವೇ ಬ್ಯಾಂಕಿಗೆ ಹೋಗಿ ಆಧಾರ್ ಯಾವ ಖಾತೆಗೆ ಮ್ಯಾಪ್ ಆಗಿದೆ ಎಂದು ಕೇಳಿಕೊಂಡು ಬನ್ನಿ, ಅಂಕಪಟ್ಟಿಯ ಹೆಸರು ಆಧಾರ್ ಜೊತೆ ತಾಳೆಯಾಗುತ್ತದೆಯೇ ನೋಡಿ, ಘೋಷಣೆ ಕೊಟ್ಟ ಮೇಲೆ ಅದರ ಪ್ರಿಂಟ್ ಇಟ್ಟುಕೊಳ್ಳಿ. ಉಣ್ಣಲು ಕೂತಾಗ ಆ ದುಡ್ಡಿನ ಮಾತು ತೆಗೆಯಬೇಡಿ.